ಹಕೀಮರ ಹೆಸರು ಹೊತ್ತ ಅಣು

ಔಷಧಿಗಳ ಹೆಸರಿನೊಳಗೆ ಚರಿತ್ರೆ ಅಡಗಿ ಕೂತಿರುತ್ತದೆ. ಅಫೀಮಿನಿಂದ ಬೇರ್ಪಡಿಸಿದ ಮಾರ್ಫಿನ್‌ಗೆ ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿದೆ. ಹೊಗೆಸೊಪ್ಪಿನ ನಿಕೋಟಿನ್‌ನಲ್ಲಿ ಹದಿನಾರನೆಯ ಶತಮಾನದ ಫ್ರೆಂಚ್ ರಾಯಭಾರಿ ನಿಕೊ ಎಂಬಾತ ಇದ್ದಾನೆ. ಮಲೇರಿಯಾಕ್ಕೆ ಕೊಡುವ ಕ್ವಿನೈನ್‌ನಲ್ಲಿ ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಮರದ ತೊಗಟೆಗೆ ಹೇಳುತ್ತಿದ್ದ ಮಾತು ಉಳಿದುಕೊಂಡಿದೆ. ಇದೇ ಸಾಲಿನಲ್ಲಿ ದಿಲ್ಲಿಯ ಬಲ್ಲಿಮಾರಾನ್ ಗಲ್ಲಿಯ ಹಕೀಮರೊಬ್ಬರ ಹೆಸರೂ ಇದೆ. ಆ ಔಷಧಿ ಅಜ್ಮಲೀನ್. ಆ ಹಕೀಮರು ಮಸೀಹುಲ್ ಮುಲ್ಕ್ ಹಕೀಮ್ ಅಜ್ಮಲ್ ಖಾನ್.

ಉರ್ದು ಓದಿದ ನಮ್ಮಂಥವರಿಗೆ ಅಜ್ಮಲ್ ಖಾನ್ ಸ್ವಾತಂತ್ರ್ಯ ಹೋರಾಟದ ಮುಖಂಡರಾಗಿ ಗೊತ್ತು. ಕನ್ನಡ ನಾಡಿನ ನಾಟಿ ವೈದ್ಯರಿಗೆ ಸರ್ಪಗಂಧಿಯ ಬೇರು ಗೊತ್ತು. ಹೃದ್ರೋಗ ತಜ್ಞರಿಗೆ ಅಜ್ಮಲೀನ್ ಗೊತ್ತು. ಈ ಮೂರೂ ಒಂದೇ ಕಥೆಯ ಮೂರು ತುಂಡುಗಳು ಎನ್ನುವುದು ಮಾತ್ರ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. 'ಎಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು' ಎನ್ನುವವರ ಸದ್ದು ಒಂದು ಕಡೆ, 'ಬೇರು ನಾರು ಎಲ್ಲ ಬರೀ ಮೂಢನಂಬಿಕೆ' ಎನ್ನುವವರ ಸದ್ದು ಇನ್ನೊಂದು ಕಡೆ ಜೋರಾಗಿರುವ ಈ ಹೊತ್ತಿನಲ್ಲಿ ಆ ತುಂಡುಗಳನ್ನು ಜೋಡಿಸಿ ನೋಡುವುದು ಅಗತ್ಯವೆನಿಸುತ್ತದೆ.

ಹಾವಿನ ಹೆಸರಿನ ಗಿಡ

ಸರ್ಪಗಂಧಿ ಮೊಣಕಾಲೆತ್ತರದ ಒಂದು ಪೊದೆ. ಹಿಮಾಲಯದ ತಪ್ಪಲಿನಿಂದ ನಮ್ಮ ಪಶ್ಚಿಮ ಘಟ್ಟದ ಕಾಡುಗಳವರೆಗೆ, ಬರ್ಮಾ, ಶ್ರೀಲಂಕಾಗಳಲ್ಲಿಯೂ ನೆರಳಿನಲ್ಲಿ ಬೆಳೆಯುತ್ತದೆ. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಇದೆ. ಯೂನಾನಿಯವರು ಅಸ್ರೋಲ್ ಎನ್ನುತ್ತಾರೆ. ಹಾವಿನಂತೆ ಬಳುಕುವ ಅದರ ಬೇರಿನಿಂದ ಈ ಹೆಸರು ಬಂತೋ, ಹಾವು ಕಡಿತಕ್ಕೆ ಮದ್ದೆಂದು ಕೊಡುತ್ತಿದ್ದುದರಿಂದ ಬಂತೋ, ಎರಡು ಮಾತೂ ಚಾಲ್ತಿಯಲ್ಲಿವೆ. ಮುಂಗುಸಿ ಹಾವಿನೊಡನೆ ಕಾದಾಟಕ್ಕೆ ಇಳಿಯುವ ಮುನ್ನ ಇದನ್ನು ತಿಂದು ಹೋಗುತ್ತದೆ ಎಂಬ ಕಥೆಯಂತೂ ಹಳೆಯದು.

ಹಾವಿನ ವಿಷಕ್ಕೆ ಈ ಬೇರು ಮದ್ದಲ್ಲ. ಆದರೆ ಇದರ ಇನ್ನೊಂದು ಉಪಯೋಗ ಹುಸಿಯಾಗಿರಲಿಲ್ಲ. ಬಿಹಾರದ ಕಡೆ ಈ ಬೇರಿಗೆ 'ಪಾಗಲ್ ಕೀ ದವಾ' ಎಂದೇ ಹೆಸರಿತ್ತು. ಕೆರಳಿದವರನ್ನು, ನಿದ್ದೆಗೆಟ್ಟವರನ್ನು ಈ ಬೇರಿನ ಪುಡಿ ತಣಿಸುತ್ತದೆ ಎಂಬುದನ್ನು ಜನ ತಲೆಮಾರುಗಳಿಂದ ಕಂಡುಕೊಂಡಿದ್ದರು. ಇದನ್ನು ಮೊದಲು ಕಂಡುಕೊಂಡವರು ಯಾರು? ಕಾಡಿನ ಅಂಚಿನ ಯಾವುದೋ ಅಜ್ಜಿಯೋ, ಬೇರು ಅಗೆದು ಮಾರುವ ಬಡವನೋ ಇರಬೇಕು. ಅವರ ಹೆಸರು ಎಲ್ಲಿಯೂ ಬರೆದಿಲ್ಲ.

ಬರೆದಿರುವ ಹೆಸರೋ, ಗಿಡವನ್ನು ಕಾಣದೇ ಇದ್ದವನದು. ಸಸ್ಯಶಾಸ್ತ್ರದಲ್ಲಿ ಈ ಗಿಡ ರಾವುಲ್ಫಿಯಾ ಸರ್ಪೆಂಟಿನಾ. ಲಿಯೊನಾರ್ಡ್ ರಾವುಲ್ಫ್ ಎಂಬಾತ ಜರ್ಮನಿಯ ಆಗ್ಸ್‌ಬರ್ಗ್ ಊರಿನ ವೈದ್ಯ. 1570ರ ದಶಕದಲ್ಲಿ ಮದ್ದಿನ ಗಿಡಗಳನ್ನು ಹುಡುಕುತ್ತ ಅಲೆಪ್ಪೊ, ಬಗ್ದಾದ್‌ಗಳವರೆಗೆ ತಿರುಗಾಡಿ, ಅಲ್ಲಿಯ ಜನ ಕಾಫಿ ಕುಡಿಯುವುದನ್ನು ಕಂಡು ಯುರೋಪಿಗೆ ಬರೆದು ತಿಳಿಸಿದವರಲ್ಲಿ ಮೊದಲಿಗ. ಆತ ಹಿಂದೂಸ್ತಾನಕ್ಕೆ ಕಾಲಿಡಲಿಲ್ಲ. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಪ್ಲೂಮಿಯೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಅವನ ಗೌರವಕ್ಕೆಂದು ಈ ಕುಲದ ಗಿಡಗಳಿಗೆ ಆ ಹೆಸರಿಟ್ಟ. ಹೆಸರು ಯಾರ ಪಾಲಾಗುತ್ತದೆ ಎಂಬುದು ಜ್ಞಾನದ ಚರಿತ್ರೆಯಲ್ಲಿ ಸಣ್ಣ ವಿಷಯವೇನಲ್ಲ. ಆ ಕಾರಣಕ್ಕೇ ಅಜ್ಮಲೀನ್ ಎಂಬ ಹೆಸರು ನಮಗೆ ಮುಖ್ಯವಾಗುತ್ತದೆ.

ತನ್ನ ಮದ್ದನ್ನು ತಾನೇ ಪರೀಕ್ಷೆಗೆ ಒಡ್ಡಿದವರು

ಅಜ್ಮಲ್ ಖಾನ್ ದಿಲ್ಲಿಯ ಷರೀಫಿ ಹಕೀಮರ ಮನೆತನದವರು. ಮೊಗಲರ ಕಾಲದಿಂದ ವೈದ್ಯ ಮಾಡುತ್ತ ಬಂದ ಮನೆ. ಬಡವರಿಂದ ಹಣ ಮುಟ್ಟದ ಹಕೀಮರೆಂದು ಹೆಸರಾಗಿದ್ದರು. ಕಾಂಗ್ರೆಸ್, ಮುಸ್ಲಿಂ ಲೀಗ್, ಖಿಲಾಫತ್ ಮೂರರ ಅಧ್ಯಕ್ಷ ಪೀಠದಲ್ಲಿಯೂ ಕುಳಿತವರು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮೊದಲ ಕುಲಪತಿ. ಬ್ರಿಟಿಷರು ಕೊಟ್ಟಿದ್ದ 'ಹಾಜಿಕುಲ್ ಮುಲ್ಕ್' ಬಿರುದನ್ನು ಅಸಹಕಾರ ಚಳವಳಿಯ ಕಾಲದಲ್ಲಿ ಹಿಂತಿರುಗಿಸಿದಾಗ, ಜನ ಅವರಿಗೆ 'ಮಸೀಹುಲ್ ಮುಲ್ಕ್', ಅಂದರೆ ನಾಡಿನ ಜೀವದಾತ ಎಂಬ ಬಿರುದು ಕೊಟ್ಟರು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಪ್ರಾಂತಗಳು ವೈದ್ಯರ ನೋಂದಣಿಗೆ ಕಾಯಿದೆಗಳನ್ನು ತರತೊಡಗಿದವು. ಆ ಪಟ್ಟಿಯಲ್ಲಿ ಹಕೀಮರಿಗಾಗಲೀ ವೈದ್ಯರಿಗಾಗಲೀ ಜಾಗವಿರಲಿಲ್ಲ. ಅಜ್ಮಲ್ ಖಾನ್ 1910ರಲ್ಲಿ ಆಯುರ್ವೇದದವರನ್ನೂ ಯೂನಾನಿಯವರನ್ನೂ ಒಂದೇ ವೇದಿಕೆಗೆ ತಂದು ಸಮ್ಮೇಳನ ಕಟ್ಟಿದರು. ದಿಲ್ಲಿಯ ಕರೋಲ್ ಬಾಗಿನಲ್ಲಿ ಅವರು ಕಟ್ಟಿಸಿದ ಕಾಲೇಜಿನ ಹೆಸರೇ ಆಯುರ್ವೇದಿಕ್ ಮತ್ತು ಯೂನಾನಿ ತಿಬ್ಬಿಯಾ ಕಾಲೇಜು. 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅದರ ಅಡಿಗಲ್ಲು ಇಟ್ಟರು. 1921ರ ಫೆಬ್ರವರಿ 13ರಂದು ಅದನ್ನು ಉದ್ಘಾಟಿಸಿದವರು ಮಹಾತ್ಮ ಗಾಂಧಿ. ಐದು ವರ್ಷಗಳಲ್ಲಿ ದೇಶ ಎಷ್ಟು ದೂರ ನಡೆದಿತ್ತು ಎಂಬುದಕ್ಕೆ ಈ ಎರಡು ಹೆಸರುಗಳೇ ಸಾಕು.

ಆ ದಿನ ಗಾಂಧೀಜಿ ಬರೀ ಹೊಗಳಿಕೆಯ ಮಾತಾಡಲಿಲ್ಲ. ಪಾಶ್ಚಾತ್ಯ ವೈದ್ಯದ ಕಟು ಟೀಕಾಕಾರರಾಗಿದ್ದ ಅವರು, ಅಲ್ಲಿಯ ವಿಜ್ಞಾನಿಗಳ ಸಂಶೋಧನೆಯ ಹಂಬಲಕ್ಕೆ ಮಾತ್ರ ತಲೆಬಾಗುತ್ತೇನೆ ಎಂಬ ಅರ್ಥದಲ್ಲಿ ಮಾತಾಡಿದರು. ಆ ಹಂಬಲ ನಮ್ಮ ವೈದ್ಯ-ಹಕೀಮರಲ್ಲಿ ಇಲ್ಲವೆಂಬ ಕೊರಗೂ ಆ ಮಾತಿನಲ್ಲಿತ್ತು. ಅಜ್ಮಲ್ ಖಾನರ ಮನಸ್ಸಿನಲ್ಲಿಯೂ ಇದೇ ಇತ್ತು. ತಮ್ಮ ನುಸ್ಖಾಗಳಲ್ಲಿ ಇರುವ ಗುಣ ಯಾವ ವಸ್ತುವಿನದು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೊಸ ರಸಾಯನಶಾಸ್ತ್ರದಿಂದ ತಿಳಿಯಬೇಕು ಎಂದು ಅವರು ಬಯಸಿದರು.

ಇದು ಯೂನಾನಿಗೆ ಹೊರಗಿನಿಂದ ಬಂದ ಬಯಕೆಯೇನೂ ಅಲ್ಲ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಮದ್ದಿನ ಗುಣ ತಿಳಿಯಲು ಎರಡು ದಾರಿ ಹೇಳಿದ್ದರು: ಒಂದು ತಜ್ರಿಬಾ, ಇನ್ನೊಂದು ಕಿಯಾಸ್. ಅನುಭವದಲ್ಲಿ ಪರೀಕ್ಷಿಸಿ ತಿಳಿಯುವುದು, ತರ್ಕದಿಂದ ಹೋಲಿಸಿ ತಿಳಿಯುವುದು. ಪರೀಕ್ಷೆಗೆ ಷರತ್ತುಗಳನ್ನೂ ಹಾಕಿದ್ದರು. ಮದ್ದು ಬೇರೆ ಬೆರಕೆ ಇಲ್ಲದೆ ಇರಬೇಕು, ಮನುಷ್ಯನ ಮೇಲೆಯೇ ಪರೀಕ್ಷಿಸಬೇಕು, ಪ್ರಾಣಿಗೆ ಆಗುವುದು ಮನುಷ್ಯನಿಗೂ ಆಗಬೇಕೆಂದಿಲ್ಲ ಎಂದು ಬರೆದಿದ್ದರು. ನಡುವೆ ಎಲ್ಲೋ ಆ ತಜ್ರಿಬಾ ನಿಂತು, ಗ್ರಂಥ ಮಾತ್ರ ಉಳಿದಿತ್ತು. ಅಜ್ಮಲ್ ಖಾನ್ ಮಾಡಲು ಹೊರಟದ್ದು ಅದನ್ನು ಮತ್ತೆ ಹಚ್ಚುವ ಕೆಲಸ. ಹೆಸರು, ಹಣ, ಮರ್ಯಾದೆ ಎಲ್ಲವನ್ನೂ ತಂದುಕೊಟ್ಟ ವಿದ್ಯೆಯನ್ನು ಹೀಗೆ ಪರೀಕ್ಷೆಗೆ ಒಡ್ಡುವುದಕ್ಕೆ ಧೈರ್ಯ ಬೇಕು. ಪರೀಕ್ಷೆಯಲ್ಲಿ ಅದು ಸೋಲಲೂಬಹುದಲ್ಲ!

ಚಿತ್ರ ಬರೆಯುತ್ತಿದ್ದ ರಸಾಯನಶಾಸ್ತ್ರಜ್ಞ

ಈ ಕೆಲಸಕ್ಕೆ ಅವರಿಗೆ ಸಿಕ್ಕ ಯುವಕ ಸಲೀಮುಜ್ಜಮಾನ್ ಸಿದ್ದೀಕಿ. 1897ರ ಅಕ್ಟೋಬರ್ 19ರಂದು ಲಖನೌ ಹತ್ತಿರದ ಬಾರಾಬಂಕಿ ಜಿಲ್ಲೆಯ ಸುಬೇಹಾದಲ್ಲಿ ಹುಟ್ಟಿದವರು. ಅಲಿಗಢದಲ್ಲಿ ಓದಿದ್ದು ತತ್ವಶಾಸ್ತ್ರ ಮತ್ತು ಫಾರಸಿ. 1920ರಲ್ಲಿ ವೈದ್ಯ ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೋಗಿ, ವೈದ್ಯ ಬಿಟ್ಟು ರಸಾಯನಶಾಸ್ತ್ರ ಹಿಡಿದರು. ಯೂಲಿಯಸ್ ಫಾನ್ ಬ್ರೌನ್ ಅವರ ಕೈಕೆಳಗೆ 1927ರಲ್ಲಿ ಡಾಕ್ಟರೇಟ್ ಪಡೆದರು. ಜೊತೆಗೆ ಒಳ್ಳೆಯ ಚಿತ್ರಕಾರ. ಜರ್ಮನಿಯಲ್ಲಿ ಓದುತ್ತಿದ್ದಾಗಲೇ ಅವರ ಚಿತ್ರಗಳ ಪ್ರದರ್ಶನವೂ ನಡೆದಿತ್ತು. ಫಾರಸಿ ಕಾವ್ಯ, ಇದ್ದಿಲ ಗೀಟಿನ ಚಿತ್ರ, ಗಾಜಿನ ಬುರುಡೆಯೊಳಗಿನ ಹರಳು ಮೂರನ್ನೂ ಒಬ್ಬನೇ ಮನುಷ್ಯ ಪ್ರೀತಿಸಬಹುದಾಗಿದ್ದ ಕಾಲ ಅದು.

ಅಜ್ಮಲ್ ಖಾನರ ಪ್ರೋತ್ಸಾಹದಿಂದ ಸಿದ್ದೀಕಿ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಲು ಒಪ್ಪಿಕೊಂಡರು. ಆದರೆ 1927ರ ಡಿಸೆಂಬರ್ 29ರಂದು ಹಕೀಮ್ ಸಾಹೇಬರು ತೀರಿಕೊಂಡರು. ಪ್ರಯೋಗಶಾಲೆ ಶುರುವಾದದ್ದು 1928ರಲ್ಲಿ. ತಾವು ಕಂಡ ಕನಸಿನ ಬಾಗಿಲು ತೆರೆಯುವುದನ್ನು ಅವರು ನೋಡಲಿಲ್ಲ.

ಸಿದ್ದೀಕಿ ಕೈಗೆತ್ತಿಕೊಂಡ ಗಿಡಗಳಲ್ಲಿ ಅಸ್ರೋಲ್ ಮುಖ್ಯವಾದದ್ದು. ಬೇರಿನೊಳಗಿನ ಮದ್ದನ್ನು ಹೊರತೆಗೆಯುವುದು ಹೇಗೆ? ಸ್ಥೂಲವಾಗಿ ಹೇಳುವುದಾದರೆ ಒಣಗಿದ ಬೇರನ್ನು ಪುಡಿ ಮಾಡಿ ಮದ್ಯಸಾರದಲ್ಲಿ ನೆನೆಹಾಕುತ್ತಾರೆ. ಬೇರಿನ ಸಾರವೆಲ್ಲ ಮದ್ಯಸಾರಕ್ಕೆ ಇಳಿಯುತ್ತದೆ. ಅದನ್ನು ಸೋಸಿ ಆರಿಸಿದರೆ ಕಂದು ಬಣ್ಣದ ಅಂಟು ಉಳಿಯುತ್ತದೆ. ಇದರಲ್ಲಿ ನೂರಾರು ವಸ್ತುಗಳಿರುತ್ತವೆ. ಅವುಗಳಲ್ಲಿ ಕ್ಷಾರ ಗುಣದವು ಹುಳಿ ಬೆರೆಸಿದ, ಅಂದರೆ ಆಮ್ಲ ಸೇರಿಸಿದ ನೀರಿಗೆ ಬಂದು ಸೇರುತ್ತವೆ. ಆ ನೀರಿಗೆ ಮತ್ತೆ ಕ್ಷಾರ ಹಾಕಿದರೆ ಅವು ತಳಕ್ಕೆ ಕೂರುತ್ತವೆ. ಹೀಗೆ ಕರಗಿಸಿ, ಇಳಿಸಿ, ಸೋಸಿ, ಮತ್ತೆ ಕರಗಿಸಿ ಹೋದರೆ ಕೊನೆಗೊಮ್ಮೆ ಹರಳುಗಟ್ಟುತ್ತದೆ. ಹರಳುಗಟ್ಟಿದರೆ ಬೆರಕೆ ಹೋಯಿತು, ಒಂದೇ ವಸ್ತು ಕೈಗೆ ಸಿಕ್ಕಿತು ಎಂದು ಅರ್ಥ. ಗಿಡದಲ್ಲಿರುವ ಇಂಥ ಕ್ಷಾರದಂಥ ವಸ್ತುಗಳಿಗೆ ಆಲ್ಕಲಾಯ್ಡ್ ಎನ್ನುತ್ತಾರೆ. ಈ ಹೆಸರಿನ ಮೂಲ ಅರಬ್ಬಿಯ 'ಅಲ್ ಕಲೀ', ಸುಟ್ಟ ಗಿಡದ ಬೂದಿ. ಹಕೀಮರ ಮನೆಯ ಮಾತು ಯುರೋಪು ಸುತ್ತಿ ಮತ್ತೆ ಹಕೀಮರ ಕಾಲೇಜಿಗೆ ಬಂದಿತ್ತು.

1931ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಸರ್ಪಗಂಧಿಯ ಬೇರಿನಿಂದ ಹರಳು ರೂಪದ ಐದು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದ ವಿವರ ಪ್ರಕಟಿಸಿದರು. ಎರಡಕ್ಕೆ ಗಿಡದ ಹೆಸರು: ಸರ್ಪೆಂಟೀನ್, ಸರ್ಪೆಂಟಿನೀನ್. ಮೂರಕ್ಕೆ ಹಕೀಮರ ಹೆಸರು: ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್. ತೀರಿಹೋದ ಗುರುವಿನ ಋಣವನ್ನು ಶಿಷ್ಯ ಹೀಗೆ ತೀರಿಸಿದ. ಯಾವ ಭಾಷೆಯ ರಸಾಯನಶಾಸ್ತ್ರದ ಪುಸ್ತಕ ತೆರೆದರೂ ಈಗ ಆ ಹೆಸರು ಅಲ್ಲಿರುತ್ತದೆ.

ಸಣ್ಣ ಅಣು ಎಂದರೆ

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ರಸಾಯನಶಾಸ್ತ್ರದವರು ಇಂಥ ಔಷಧಿಗಳನ್ನು ಸಣ್ಣ ಸಾವಯವ ಅಣುಗಳು ಎನ್ನುತ್ತಾರೆ. ಇಂಗಾಲದ ಪರಮಾಣುಗಳು ಉಂಗುರವಾಗಿ, ಸರಪಳಿಯಾಗಿ ಕೂಡಿಕೊಂಡು, ಜಲಜನಕ, ಆಮ್ಲಜನಕ, ಸಾರಜನಕಗಳನ್ನು ಜೊತೆಗಿಟ್ಟುಕೊಂಡ ರಚನೆ ಅದು. ಜಲಜನಕದ ಒಂದು ಪರಮಾಣುವಿನ ತೂಕವನ್ನು ಒಂದು ಎಂದು ಹಿಡಿದರೆ ಆಸ್ಪಿರಿನ್ ಅಣುವಿನ ತೂಕ 180, ಅಜ್ಮಲೀನ್‌ನದು ಸುಮಾರು 326. ಸಕ್ಕರೆ ಕಾಯಿಲೆಯ ಇನ್ಸುಲಿನ್ ಸುಮಾರು 5,800. ಇನ್ಸುಲಿನ್ನನ್ನು ನುಂಗಿದರೆ ಹೊಟ್ಟೆಯಲ್ಲಿ ಆಹಾರದಂತೆ ಜೀರ್ಣವಾಗಿಬಿಡುತ್ತದೆ, ಅದಕ್ಕೇ ಸೂಜಿ ಬೇಕು. ಸಣ್ಣ ಅಣುಗಳಲ್ಲಿ ಹೆಚ್ಚಿನವು ಕರುಳಿನಿಂದ ರಕ್ತಕ್ಕೆ ಸೇರಿ, ಜೀವಕೋಶದ ಗೋಡೆ ದಾಟಿ ಒಳಗೆ ಹೋಗಬಲ್ಲವು. ಅಂಗಡಿಯಲ್ಲಿ ಸಿಗುವ ಮಾತ್ರೆಗಳು ಬಹುತೇಕ ಇಂಥವೇ.

ಹಾಗಾಗಿ 'ಗಿಡಮೂಲಿಕೆ' ಬೇರೆ, 'ಕೆಮಿಕಲ್' ಬೇರೆ ಎಂಬ ನಮ್ಮ ವಾದಕ್ಕೆ ಅರ್ಥವಿಲ್ಲ. ಗಿಡವೇ ಒಂದು ರಸಾಯನಶಾಲೆ. ಬೇರಿನೊಳಗಿನ ಅಣುವಿಗೂ ಬುರುಡೆಯೊಳಗೆ ಕಟ್ಟಿದ ಅದೇ ಅಣುವಿಗೂ ದೇಹ ಭೇದ ಮಾಡುವುದಿಲ್ಲ.

ಪಕ್ಕಕ್ಕಿಟ್ಟ ಅಂಟಿನೊಳಗೆ

1931ರಲ್ಲೇ ಕಲ್ಕತ್ತೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು, ಈ ಬೇರು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಮದ್ದಾಗುತ್ತದೆ ಎಂದು ತಮ್ಮ ರೋಗಿಗಳ ಅನುಭವದಿಂದ ಬರೆದರು. ಆದರೆ ಸಿದ್ದೀಕಿಯವರ ಹರಳುಗಳನ್ನು ಪರೀಕ್ಷಿಸಿದಾಗ ಒಂದು ಒಗಟು ಎದುರಾಯಿತು. ಇಡೀ ಬೇರಿನಲ್ಲಿದ್ದ, ಮನಸ್ಸನ್ನು ತಣಿಸುವ ಗುಣಕ್ಕೆ ಆ ಹರಳುಗಳಲ್ಲಿ ವಿವರಣೆ ಸಿಗಲಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತು?

ಉತ್ತರ ಇದ್ದದ್ದು ಆಲ್ಕಲಾಯ್ಡ್‌ಗಳನ್ನು ತೆಗೆದ ಮೇಲೆ ಉಳಿಯುವ ಅಂಟಿನಲ್ಲಿ. 1940ರ ದಶಕದಲ್ಲಿ ನಮ್ಮ ದೇಶದ ಸಂಶೋಧಕರು ಆ ರಾಳದಂಥ ಭಾಗಕ್ಕೆ ನಿದ್ದೆ ತರಿಸುವ ಗುಣವಿದೆ ಎಂದು ಗುರುತಿಸಿದ್ದರು. ಅದರೊಳಗಿನ ವಸ್ತುವನ್ನು ಹರಳಾಗಿ ಹಿಡಿದದ್ದು 1952ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಕಂಪನಿಯಲ್ಲಿ ಮ್ಯುಲರ್, ಶ್ಲಿಟ್ಲರ್ ಮತ್ತು ಬೈನ್. ಅದಕ್ಕೆ ರೆಸರ್ಪಿನ್ ಎಂದು ಹೆಸರಿಟ್ಟರು. ಅದರ ಕ್ಷಾರ ಗುಣ ಬಹಳ ದುರ್ಬಲ. ಹಾಗಾಗಿ ಅದು ಉಳಿದವುಗಳಂತೆ ಆಮ್ಲದ ನೀರಿಗೆ ಇಳಿಯದೆ ಅಂಟಿನಲ್ಲೇ ಉಳಿದುಬಿಡುತ್ತಿತ್ತು.

ಈ ನಡುವೆ ಬೇರಿನ ಪುಡಿಯ ಮಾತ್ರೆ ಬಳಕೆಗೆ ಬಂದಿತ್ತು. ಮೊಹಮ್ಮದ್ ಮನಾಲ್ ಎಂಬ ಯುವಕ 1930ರಲ್ಲಿ ಡೆಹರಾಡೂನಿನಲ್ಲಿ ಹಿಮಾಲಯ ಡ್ರಗ್ ಕಂಪನಿ ಹುಟ್ಟುಹಾಕಿದರು. ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಈ ಬೇರು ತಿನ್ನಿಸಿ ತಣಿಸುವುದನ್ನು ಅವರು ಕಂಡರೆಂದೂ, ತಾಯಿಯ ಒಡವೆ ಅಡವಿಟ್ಟು ಮಾತ್ರೆ ಒತ್ತುವ ಕೈಯಂತ್ರ ಕೊಂಡರೆಂದೂ ಕಂಪನಿಯವರೇ ಹೇಳುತ್ತಾರೆ. 1934ರಲ್ಲಿ ಅವರ ಸರ್ಪೀನಾ ಮಾತ್ರೆ ಬಂತು. ಮುಂದೆ ಆ ಕಂಪನಿ ನಮ್ಮ ಬೆಂಗಳೂರನ್ನು ನೆಲೆ ಮಾಡಿಕೊಂಡಿತು. ಮುಂಬಯಿಯ ಪಾರ್ಸಿ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಈ ಬೇರಿನ ಮದ್ದನ್ನು ರಕ್ತದೊತ್ತಡದ 50 ಮಂದಿ ರೋಗಿಗಳ ಮೇಲೆ ಶಿಸ್ತಿನಿಂದ ಪರೀಕ್ಷಿಸಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆ ಲೇಖನದಿಂದ ಜಗತ್ತಿನ ಕಣ್ಣು ಸರ್ಪಗಂಧಿಯತ್ತ ತಿರುಗಿತು. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ವಕೀಲರೂ ಒಬ್ಬರು.

ಅಣುವನ್ನು ಕಟ್ಟಿದ ಕೈ

ರೆಸರ್ಪಿನ್‌ಗೆ ಬೇಡಿಕೆ ಏರಿದಂತೆ ಕಾಡಿನ ಗಿಡಕ್ಕೆ ಆಪತ್ತು ಬಂತು. ಬೇರೇ ಮದ್ದಾದರೆ ಗಿಡ ಉಳಿಯುವುದಾದರೂ ಹೇಗೆ? ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಬೇರು ಅಗೆದರೆ ಮುಗಿಯಿತು. ಭಾರತ ಸರ್ಕಾರ ಬೇರಿನ ರಫ್ತಿಗೆ ಕಡಿವಾಣ ಹಾಕಬೇಕಾಯಿತು. 1990ರಲ್ಲಿ ಸರ್ಪಗಂಧಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟಿಸ್ ಒಪ್ಪಂದದ ಪಟ್ಟಿಗೂ ಸೇರಿತು.

ಗಿಡವಿಲ್ಲದೆಯೇ ರೆಸರ್ಪಿನ್ ಮಾಡಬಹುದೇ? ಆ ಕಾಲಕ್ಕೆ ಅದು ಹುಚ್ಚು ಪ್ರಶ್ನೆಯೇ. ಆರು ಉಂಗುರಗಳಿರುವ, 33 ಇಂಗಾಲದ ಪರಮಾಣುಗಳಿರುವ ಅಣು ಅದು. ನಮ್ಮ ಎಡಗೈ ಬಲಗೈಗಳಲ್ಲಿ ಬೆರಳುಗಳ ಲೆಕ್ಕ ಒಂದೇ ಆದರೂ ಎಡಗೈಯ ಗವಸು ಬಲಗೈಗೆ ಕೂರುವುದಿಲ್ಲವಲ್ಲ, ಹಾಗೆ ಈ ಅಣುವಿನ ಆರು ಜಾಗಗಳಲ್ಲಿ ಎಡ-ಬಲದ ಆಯ್ಕೆ ಇದೆ. ಎರಡನ್ನು ಆರು ಸಲ ಗುಣಿಸಿದರೆ 64. ಪರಮಾಣುಗಳ ಜೋಡಣೆಯ ಸಾಲು ಒಂದೇ ಆಗಿದ್ದರೂ 64 ಆಕಾರಗಳು ಸಾಧ್ಯ. ಗಿಡ ಮಾಡುವುದು ಅವುಗಳಲ್ಲಿ ಒಂದನ್ನು ಮಾತ್ರ.

ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಬರ್ನ್ಸ್ ವುಡ್‌ವರ್ಡ್ ಮತ್ತು ಸಂಗಡಿಗರು 1956ರಲ್ಲಿ ಆ ಒಂದನ್ನು ಕಟ್ಟಿ ತೋರಿಸಿದರು. ಮೊದಲ ಕೆಲವೇ ಹೆಜ್ಜೆಗಳಲ್ಲಿ ಒಂದೇ ಉಂಗುರದ ಐದು ಜಾಗಗಳನ್ನು ಒಂದಕ್ಕೊಂದು ಸರಿಹೊಂದುವಂತೆ ಕೂರಿಸಿದರು. ಆರನೆಯದು ಮಾತ್ರ ತಿರುಗುಮುರುಗಾಗಿ ಕುಳಿತಿತು, ಹಾಗೆ ಕೂರುವುದೇ ಆ ಅಣುವಿಗೆ ಆರಾಮ. ವುಡ್‌ವರ್ಡ್ ಅದೇ ಉಂಗುರದ ಎರಡು ಜಾಗಗಳ ನಡುವೆ ತಾತ್ಕಾಲಿಕವಾಗಿ ಒಂದು ಸೇತುವೆ ಬಿಗಿದರು. ಬಿಗಿದ ಮೇಲೆ ಆರಾಮವಾಗಿದ್ದ ಭಂಗಿಯೇ ಅದಕ್ಕೆ ಹಿಂಸೆಯಾಯಿತು. ಆಮ್ಲದಲ್ಲಿ ಕಾಯಿಸಿದಾಗ ಅದು ತಾನಾಗಿ ಮಗುಚಿಕೊಂಡು ಬೇಕಾದ ಕಡೆಗೆ ತಿರುಗಿತು. ಆಮೇಲೆ ಸೇತುವೆ ಬಿಚ್ಚಿದರು. ಹಗ್ಗದ ಗಂಟನ್ನು ಎಳೆಯದೆ, ಅದೇ ಸಡಿಲವಾಗುವಂತೆ ಮಾಡಿದ ಹಾಗೆ. 1965ರಲ್ಲಿ ವುಡ್‌ವರ್ಡ್‌ಗೆ ನೊಬೆಲ್ ಬಂತು. ಅಜ್ಮಲೀನ್‌ನ ರಚನೆಯ ಬಗ್ಗೆಯೂ ಅವರು ಮತ್ತು ಬ್ರಿಟನ್ನಿನ ರಾಬರ್ಟ್ ರಾಬಿನ್ಸನ್ ತಲೆಕೆಡಿಸಿಕೊಂಡಿದ್ದರು. ಅಜ್ಮಲೀನ್ ಅನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ್ದು 1967ರಲ್ಲಿ, ಮಸಮುನೆ ಎಂಬ ಜಪಾನಿ ಮೂಲದ ವಿಜ್ಞಾನಿಯ ತಂಡ. ಇಷ್ಟಾದರೂ ಔಷಧಿ ಕಂಪನಿಗಳು ರೆಸರ್ಪಿನ್‌ಗೆ ಬಹಳ ಕಾಲ ಗಿಡವನ್ನೇ ನೆಚ್ಚಿಕೊಂಡವು. ಆಫ್ರಿಕಾದಲ್ಲಿ ಬೆಳೆಯುವ ಇದೇ ಕುಲದ ಇನ್ನೊಂದು ಗಿಡ ಅದಕ್ಕೆ ಒದಗಿತು.

ತಂದ ಒಳಿತು, ತಂದ ಕೆಡುಕು

ರೆಸರ್ಪಿನ್ ಎರಡು ಕಡೆ ದೊಡ್ಡ ಬದಲಾವಣೆ ತಂದಿತು. ಒಂದು, ರಕ್ತದೊತ್ತಡ. ಏರಿದ ಬಿಪಿಯನ್ನು ಇಳಿಸಿದರೆ ಜೀವ ಉಳಿಯುತ್ತದೆಯೇ ಎಂಬುದೇ ಆಗ ವಾದದ ವಿಷಯವಾಗಿತ್ತು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೀಸ್ ನಡೆಸಿದ ಅಧ್ಯಯನ 1967ರಲ್ಲಿ ಇದಕ್ಕೆ ಗಟ್ಟಿ ಉತ್ತರ ಕೊಟ್ಟಿತು. ತೀವ್ರ ರಕ್ತದೊತ್ತಡದ 143 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಮದ್ದು, ಉಳಿದವರಿಗೆ ಮದ್ದಿಲ್ಲದ ಮಾತ್ರೆ. ಮದ್ದು ಪಡೆದವರಲ್ಲಿ ಸಾವು, ಲಕ್ವ, ಹೃದಯದ ತೊಂದರೆಗಳು ಎಷ್ಟೋ ಕಡಿಮೆಯಾದವು. ಆ ಮದ್ದಿನ ಮೂರು ಘಟಕಗಳಲ್ಲಿ ಒಂದು ರೆಸರ್ಪಿನ್. ನಮ್ಮ ಹಿರಿಯರಲ್ಲಿ ಕೆಲವರಿಗೆ ಅಡೆಲ್ಫೇನ್ ಮಾತ್ರೆಯ ನೆನಪಿರಬಹುದು, ಅದರಲ್ಲಿದ್ದದ್ದೂ ಇದೇ.

ಎರಡನೆಯದು ಮನೋರೋಗ. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಮಾನಸಿಕ ಆಸ್ಪತ್ರೆಯ ರೋಗಿಗಳ ಮೇಲೆ ರೆಸರ್ಪಿನ್ ಪ್ರಯೋಗಿಸಿ ಫಲಿತಾಂಶ ಪ್ರಕಟಿಸಿದರು. 'ಪಾಗಲ್ ಕೀ ದವಾ' ಎಂಬ ಬಿಹಾರದ ಮಾತು ನಿಜವಾಗಿತ್ತು. ಹಗ್ಗ, ಬೀಗಗಳ ಬದಲು ಮಾತ್ರೆಯಿಂದ ಹುಚ್ಚನ್ನು ಹಿಡಿತಕ್ಕೆ ತರಬಹುದು ಎಂದು ತೋರಿಸಿದ ಮೊದಲ ಔಷಧಿಗಳಲ್ಲಿ ಇದೂ ಒಂದು. ಇದನ್ನು ಬರೆಯುವಾಗ ತಮಿಳುನಾಡಿನ ಏರ್ವಾಡಿ ಕಣ್ಣ ಮುಂದೆ ಬರುತ್ತದೆ. ದರ್ಗಾದ ಹೆಸರು ನಂಬಿ ಬಂದವರನ್ನು ಇಟ್ಟುಕೊಂಡಿದ್ದ ಅಲ್ಲಿಯ ಒಂದು ಖಾಸಗಿ ಮನೆಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು, ಸಂಕೋಲೆಯಲ್ಲಿದ್ದ 28 ಮಂದಿ ಮಾನಸಿಕ ರೋಗಿಗಳು ಓಡಲಾರದೆ ಸತ್ತರು. ನಮ್ಮದೇ ಕಾಡಿನ ಬೇರು ಅಮೆರಿಕದ ರೋಗಿಗಳ ಕಟ್ಟು ಬಿಚ್ಚಿಸಿ ಅಷ್ಟರಲ್ಲಿ ಸುಮಾರು ಐವತ್ತು ವರ್ಷ ಆಗಿತ್ತು. ನಮ್ಮ ಹಕೀಮರ ಹೆಸರು ಹೇಳಿ ಹೆಮ್ಮೆಪಡುವ ನಾವು ಇದಕ್ಕೂ ಉತ್ತರ ಕೊಡಬೇಕಾಗುತ್ತದೆ.

ರೆಸರ್ಪಿನ್‌ನ ಕೆಡುಕೂ ಬೇಗನೆ ಬಯಲಾಯಿತು. ಅದನ್ನು ನುಂಗಿದ ಕೆಲವರು ತೀವ್ರ ಖಿನ್ನತೆಗೆ ಜಾರಿದ ವರದಿಗಳು ಬಂದವು. ಮಿದುಳಿನ ಜೀವಕೋಶಗಳು ಸೆರೊಟೋನಿನ್, ಡೋಪಮಿನ್‌ನಂಥ ಸಂದೇಶವಾಹಕಗಳನ್ನು ಪುಟ್ಟ ಚೀಲಗಳಲ್ಲಿ ಕೂಡಿಟ್ಟಿರುತ್ತವೆ. ರೆಸರ್ಪಿನ್ ಆ ಚೀಲ ತುಂಬುವ ಬಾಗಿಲನ್ನೇ ಮುಚ್ಚುತ್ತದೆ, ದಾಸ್ತಾನು ಖಾಲಿಯಾಗುತ್ತದೆ. ಈ ಕೆಡುಕಿನಿಂದಲೂ ಒಂದು ಬೆಳಕು ಬಂತು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಮರಗಟ್ಟಿದ್ದ ಮೊಲಗಳಿಗೆ 1957ರಲ್ಲಿ ಎಲ್-ಡೋಪಾ ಎಂಬ ಇನ್ನೊಂದು ಸಣ್ಣ ಅಣುವನ್ನು ಕೊಟ್ಟಾಗ ಅವು ಎದ್ದು ಓಡಾಡಿದವು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಮದ್ದು ಸಿಕ್ಕಿದ್ದು ಈ ದಾರಿಯಲ್ಲಿ. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ಆ ಎಲ್-ಡೋಪಾ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿಯೂ ಇದೆ ಎನ್ನುವುದು ಇನ್ನೊಂದು ಕಥೆ.

'ಗಿಡಮೂಲಿಕೆಗೆ ಅಡ್ಡ ಪರಿಣಾಮ ಇಲ್ಲ' ಎಂದು ಜಾಹೀರಾತು ಹೇಳುವಾಗ ಸರ್ಪಗಂಧಿಯನ್ನು ನೆನೆಯಬೇಕು. ಗುಣ ಮಾಡುವ ಶಕ್ತಿ ಇರುವ ವಸ್ತುವಿಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ. ಅಳತೆ ತಿಳಿಯದೆ ಬೇರು ತೇಯ್ದು ಕುಡಿಯುವುದು ಪ್ರಾಣದ ಜೊತೆ ಆಟ.

ಹಕೀಮರು ಕೇಳದ ಪ್ರಶ್ನೆಗೆ ಉತ್ತರ

ಹಾಗಾದರೆ ಅಜ್ಮಲೀನ್? ಅದು ಮನಸ್ಸನ್ನು ತಣಿಸುವ ಮದ್ದಾಗಲಿಲ್ಲ, ಹೃದಯದ ಮದ್ದಾಯಿತು. ಹೃದಯದ ಕೋಶಗಳಿಗೆ ಸೋಡಿಯಂ ನುಗ್ಗುವ ಬಾಗಿಲುಗಳನ್ನು ಅದು ತಡೆಯುತ್ತದೆ. ಹಾಗಾಗಿ ತಾಳ ತಪ್ಪಿದ ಬಡಿತವನ್ನು ಸರಿಪಡಿಸಲು ಯುರೋಪಿನಲ್ಲಿ ಬಳಕೆಗೆ ಬಂತು. 1992ರಲ್ಲಿ ಬ್ರುಗಾಡಾ ಎಂಬ ಸೋದರರು ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ಗಟ್ಟಿಮುಟ್ಟಾಗಿರುವ ಯುವಕರು ರಾತ್ರಿ ಮಲಗಿದವರು ಬೆಳಿಗ್ಗೆ ಏಳುವುದಿಲ್ಲ. ವಂಶದಲ್ಲಿ ಹರಿದು ಬರುವ ಈ ದೋಷ ಸಾಮಾನ್ಯ ಇಸಿಜಿಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅನುಮಾನವಿದ್ದವರಿಗೆ ಆಸ್ಪತ್ರೆಯಲ್ಲಿ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು, ರಕ್ತನಾಳಕ್ಕೆ ಅಜ್ಮಲೀನ್ ಕೊಡುತ್ತಾರೆ. ದೋಷವಿದ್ದರೆ ಕೆಲವು ನಿಮಿಷಗಳಲ್ಲಿ ಇಸಿಜಿಯ ಗೆರೆ ಬದಲಾಗುತ್ತದೆ. ಅಡಗಿದ್ದ ಕಾಯಿಲೆ ಮುಖ ತೋರಿಸುತ್ತದೆ. ವೈದ್ಯರು ಇದನ್ನು 'ಅಜ್ಮಲೀನ್ ಪರೀಕ್ಷೆ' ಎಂದೇ ಕರೆಯುತ್ತಾರೆ. ಅಣ್ಣ ಸತ್ತ ಮನೆಯಲ್ಲಿ ತಮ್ಮನನ್ನು ಉಳಿಸಿಕೊಳ್ಳುವ ದಾರಿ ಇದು.

ಇದನ್ನು ಗಮನಿಸಬೇಕು. ಹಕೀಮರು ಕೇಳಿದ ಗುಣ ಪಕ್ಕಕ್ಕಿಟ್ಟ ಅಂಟಿನಲ್ಲಿ ಸಿಕ್ಕಿತು. ಹಕೀಮರ ಹೆಸರು ಹೊತ್ತ ಹರಳು ಹಕೀಮರು ಎಂದೂ ಕೇಳದ ಪ್ರಶ್ನೆಗೆ ಉತ್ತರವಾಯಿತು. ಎಲ್ಲವೂ ಪೂರ್ವಿಕರಿಗೆ ಗೊತ್ತಿತ್ತು ಎನ್ನುವವರಿಗೆ ಈ ಕಥೆ ಒಗ್ಗುವುದಿಲ್ಲ. ಏನೂ ಗೊತ್ತಿರಲಿಲ್ಲ ಎನ್ನುವವರಿಗೂ ಒಗ್ಗುವುದಿಲ್ಲ. ಆ ಹೆಸರಿಲ್ಲದ ಅಜ್ಜಿ ಬೇರನ್ನು ತೋರಿಸದೆ ಇದ್ದಿದ್ದರೆ ಬಾಸೆಲ್‌ನವರು ಅದರೊಳಗೆ ಏನು ಹುಡುಕುತ್ತಿದ್ದರು? ಬಾಸೆಲ್‌ನವರು ಹುಡುಕದೆ ಇದ್ದಿದ್ದರೆ ಆ ಬೇರು ಕೆಲವರನ್ನು ಗುಣಪಡಿಸುತ್ತ, ಕೆಲವರನ್ನು ಕೆಡಿಸುತ್ತ, ಯಾಕೆಂದು ತಿಳಿಯದೆ ಉಳಿದುಬಿಡುತ್ತಿತ್ತು.

ಸಿದ್ದೀಕಿ ಮುಂದೆ ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಗೆ ಸೇರಿ ಶಾಂತಿ ಸ್ವರೂಪ್ ಭಟ್ನಾಗರರ ಜೊತೆ ದುಡಿದರು. ಯುಗಾದಿಗೆ ನಾವೆಲ್ಲ ಕಂಡಿರುವ ಬೇವಿನ ಆ ಕಹಿಯಿಂದ 1942ರಲ್ಲಿ ನಿಂಬಿನ್ ಮೊದಲಾದ ವಸ್ತುಗಳನ್ನು ಬೇರ್ಪಡಿಸಿದರು. ದೇಶ ಒಡೆದ ಮೇಲೂ ಇಲ್ಲಿಯೇ ಇದ್ದವರು, 1951ರಲ್ಲಿ ಪಾಕಿಸ್ತಾನದ ಪ್ರಧಾನಿ ಲಿಯಾಕತ್ ಅಲಿ ಖಾನರ ಕೋರಿಕೆಗೆ ನೆಹರೂ ಒಪ್ಪಿದ ಮೇಲೆ ಕರಾಚಿಗೆ ಹೋದರು. ಅಲ್ಲಿಯ ವಿಜ್ಞಾನ ಸಂಸ್ಥೆಗಳನ್ನು ಕಟ್ಟಿದರು, 1961ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1994ರ ಏಪ್ರಿಲ್ 14ರಂದು ಅಲ್ಲಿಯೇ ತೀರಿಕೊಂಡರು. ಗಡಿಯ ಆಚೆ ಹೋದವರೆಂದು ಅವರನ್ನು ನಾವು ನೆನೆಯುವುದು ಕಡಿಮೆ. ಆದರೆ ಅವರ ಹರಳು ದಿಲ್ಲಿಯದು, ಅದರ ಹೆಸರೂ ದಿಲ್ಲಿಯದೇ.

ಸರ್ಪಗಂಧಿಯ ಕಥೆಯಲ್ಲಿ ಲಖನೌ ಕಡೆಯ ಮುಸ್ಲಿಮರಿದ್ದಾರೆ, ಕಲ್ಕತ್ತೆಯ ಹಿಂದೂ ವೈದ್ಯರಿದ್ದಾರೆ, ಮುಂಬಯಿಯ ಪಾರ್ಸಿ ಇದ್ದಾರೆ, ಸ್ವಿಸ್ಸರು, ಅಮೆರಿಕನ್ನರು, ಜಪಾನಿಯೂ ಇದ್ದಾರೆ. ಇದು ನಮ್ಮದು ಎಂದು ಯಾವ ಒಂದು ಸಮುದಾಯವೂ ಪೂರ್ತಿ ಎದೆ ತಟ್ಟಿಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ಈಗ ರಾಷ್ಟ್ರೀಯ ಯೂನಾನಿ ವೈದ್ಯ ಸಂಸ್ಥೆಯಿದೆ, ದೊಡ್ಡ ದೊಡ್ಡ ರಸಾಯನಶಾಸ್ತ್ರ ಪ್ರಯೋಗಶಾಲೆಗಳೂ ಇವೆ. ಇವೆರಡರ ನಡುವೆ ಹೋಗಿಬರುವ ದಾರಿ ಎಷ್ಟು ಸವೆದಿದೆ ಎಂಬುದನ್ನು ನೋಡಿದರೆ ಅಜ್ಮಲ್ ಖಾನರ ಕೆಲಸ ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ. ಪರಂಪರೆಯನ್ನು ಹೊಗಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ಪ್ರೀತಿಸುತ್ತಲೇ ಪರೀಕ್ಷೆಗೆ ಒಡ್ಡುವವರು ಬೇಕಾಗಿದ್ದಾರೆ.